ಥ್ಯಾಂಕ್ಸ್‌ಗಿವಿಂಗ್ ಊಟಕ್ಕೆ ಪಕ್ಕದ ಮನೆಯವರು ಕರೆದಿದ್ದಾರೆ, ನಾವು ಶುದ್ಧ ಸಸ್ಯಾಹಾರಿಗಳು. ಏನು ಮಾಡೋದು?

ಸೌಮ್ಯ_ಕೊಲಂಬಸ್
ಎಲ್ಲರಿಗೂ ನಮಸ್ಕಾರ. ನಾವು ಈ ಬೇಸಿಗೆಯಲ್ಲಿ ಬೆಂಗಳೂರಿನಿಂದ ಓಹಾಯೋದ ಕೊಲಂಬಸ್‌ಗೆ ಬಂದವರು. ಪಕ್ಕದ ಮನೆಯಲ್ಲಿ ಅಜ್ಜ-ಅಜ್ಜಿ ಇದ್ದಾರೆ, ತುಂಬ ಒಳ್ಳೆಯವರು. ಗುರುವಾರ ಥ್ಯಾಂಕ್ಸ್‌ಗಿವಿಂಗ್, ಅಂದರೆ ಇಲ್ಲಿನವರು ನವೆಂಬರಿನಲ್ಲಿ ಮಾಡುವ ಕೃತಜ್ಞತೆಯ ಹಬ್ಬ, ಅದರ ಊಟಕ್ಕೆ ನಮ್ಮನ್ನೂ ಕರೆದಿದ್ದಾರೆ. ಅವರ ಮಕ್ಕಳು, ಮೊಮ್ಮಕ್ಕಳು ಎಲ್ಲ ಬರುತ್ತಾರಂತೆ. ಮಧ್ಯಾಹ್ನ ಮೂರು ಗಂಟೆಗೆ ಬನ್ನಿ ಅಂದರು. ಮೂರು ಗಂಟೆಗೆ ಯಾವ ಊಟ ಅಂತ ನನಗೆ ಗೊತ್ತಾಗಲಿಲ್ಲ.

ನಮ್ಮ ಮನೆಯಲ್ಲಿ ಮೊಟ್ಟೆ ಕೂಡ ತಿನ್ನುವುದಿಲ್ಲ. ಅತ್ತೆ-ಮಾವ ಮೈಸೂರಿನಿಂದ ಬಂದಿದ್ದಾರೆ. ಮೇಜಿನ ನಡುವೆ ಇಡೀ ಟರ್ಕಿ ಕೋಳಿ ಇಟ್ಟರೆ ಅತ್ತೆಗೆ ಅಲ್ಲಿ ಕೂರಲು ಆಗುತ್ತೋ ಇಲ್ಲವೋ ಅಂತ ಚಿಂತೆ. ಬರಲ್ಲ ಅಂದರೆ ಅವರಿಗೆ ಬೇಜಾರಾಗುತ್ತಾ? ಹೋದರೆ ಏನು ಒಯ್ಯಬೇಕು? ಇದು ಚರ್ಚಿನ ಹಬ್ಬವಾ? ಗೊತ್ತಿದ್ದವರು ಹೇಳಿ.

ನಾಗು_ನ್ಯೂಜೆರ್ಸಿ
ಖಂಡಿತ ಹೋಗಿ ಮೇಡಂ. ಈ ದೇಶದಲ್ಲಿ ಇದು ಮನೆಮಂದಿಯ ಊಟ. ಕ್ರಿಸ್‌ಮಸ್‌ಗೆ ಬಾರದ ಮಕ್ಕಳೂ ಇದಕ್ಕೆ ಬರುತ್ತಾರೆ. ಅಲ್ಲಿಗೆ ಕರೆದಿದ್ದಾರೆ ಅಂದರೆ ನಿಮ್ಮನ್ನು ಮನೆಯವರ ಹಾಗೆ ನೋಡುತ್ತಿದ್ದಾರೆ.

ಟೆಕ್ಸಾಸ್_ರವಿ
ಮೂರು ಅಂದರೆ ಮೂರಕ್ಕೇ ಹೋಗಿ, ನಮ್ಮ ಕಡೆಯ ಹಾಗೆ ನಾಲ್ಕಕ್ಕೆ ಹೊರಡಬೇಡಿ. ಮಧ್ಯಾಹ್ನದ್ದೂ ರಾತ್ರಿಯದ್ದೂ ಸೇರಿ ಒಂದೇ ಊಟ ಅದು. ಬೆಳಗ್ಗೆ ತಿಂಡಿ ಕಡಿಮೆ ತಿನ್ನಿ.

ಅಡುಗೆಮನೆ_ಅಕ್ಕ
ರವಿ, ಅವರು ಸಸ್ಯಾಹಾರಿಗಳು. ಚೆನ್ನಾಗಿ ತಿಂಡಿ ತಿಂದೇ ಹೋಗಲಿ 😀

ಸೌಮ್ಯ, ಇವತ್ತೇ ಆ ಅಜ್ಜಿಗೆ ವಿಷಯ ಹೇಳಿಬಿಡಿ. ಸುಮ್ನೆ ವೆಜಿಟೇರಿಯನ್ ಅಂದರೆ ಸಾಲದು. ಮಾಂಸ, ಮೀನು, ಮೊಟ್ಟೆ, ಕೋಳಿ ಸಾರು ಯಾವುದೂ ಆಗಲ್ಲ, ಹಾಲು ಬೆಣ್ಣೆ ಚೀಸ್ ಆಗುತ್ತೆ ಅಂತ ಬಿಡಿಸಿ ಹೇಳಿ. ಇಲ್ಲಿನವರು ಇದನ್ನು ತಪ್ಪು ತಿಳಿಯುವುದಿಲ್ಲ. ಊಟದ ಹೊತ್ತಿಗೆ ಹೇಳಿದರೆ ಮಾತ್ರ ಪಾಪ ಅವರಿಗೆ ಕಷ್ಟ.

ನೋಡಿದರೆ ತರಕಾರಿ ಅನ್ನಿಸಿದರೂ ತರಕಾರಿ ಅಲ್ಲದ್ದು ಆ ಮೇಜಿನ ಮೇಲೆ ಬಹಳ ಇರುತ್ತೆ. ಸ್ಟಫಿಂಗ್ ಅಂದರೆ ಬ್ರೆಡ್ ತುಂಡು, ಈರುಳ್ಳಿ, ಸೆಲರಿ. ಆದರೆ ಅದನ್ನು ಕೋಳಿ ಸಾರಿನಲ್ಲಿ ನೆನೆಸುತ್ತಾರೆ, ಕೆಲವರು ಟರ್ಕಿಯ ಹೊಟ್ಟೆಯೊಳಗೇ ತುಂಬಿ ಬೇಯಿಸುತ್ತಾರೆ. ಗ್ರೇವಿ ಟರ್ಕಿಯಿಂದ ಇಳಿದ ರಸದ್ದು. ಓವನ್‌ನಲ್ಲಿ ಬೇಯಿಸಿದ ಗೆಣಸಿನ ಕ್ಯಾಸರೋಲ್ ಮೇಲೆ ಬೆಳ್ಳಗೆ ಮಾರ್ಷ್‌ಮ್ಯಾಲೋ ಅನ್ನುವ ಮೆತ್ತನೆ ಮಿಠಾಯಿ ಇರುತ್ತೆ. ಅದರಲ್ಲಿ ಜೆಲಟಿನ್, ಅಂದರೆ ಪ್ರಾಣಿಗಳ ಚರ್ಮ ಮೂಳೆಯಿಂದ ತೆಗೆದದ್ದು. ಬೀನ್ಸ್‌ಗೆ ಬೇಕನ್ ಚೂರು, ಅಂದರೆ ಹಂದಿಮಾಂಸ, ಹಾಕುವ ಅಭ್ಯಾಸ ಇದೆ. ಕುಂಬಳಕಾಯಿ ಪೈಯಲ್ಲಿ ಮೊಟ್ಟೆ ಇದ್ದೇ ಇರುತ್ತೆ.

ಹಾಗಾದರೆ ಏನು ತಿನ್ನಬಹುದು? ಆಲೂಗಡ್ಡೆ ಮ್ಯಾಶ್, ಅದಕ್ಕೂ ಸಾರು ಹಾಕಿದ್ದಾರಾ ಕೇಳಿ. ಕ್ರ್ಯಾನ್‌ಬೆರಿ ಸಾಸ್ ಸಾಮಾನ್ಯವಾಗಿ ಹಣ್ಣು, ಸಕ್ಕರೆ, ನೀರು ಅಷ್ಟೇ. ಸಲಾಡ್ ಇರುತ್ತೆ. ಬನ್‌ನಲ್ಲಿ ಮೊಟ್ಟೆ ಇದೆಯಾ ಕೇಳಿ.

ಸೌಮ್ಯ_ಕೊಲಂಬಸ್
ಅಯ್ಯೋ ಅಕ್ಕ, ಮಾರ್ಷ್‌ಮ್ಯಾಲೋ ವಿಷಯ ನನಗೆ ಗೊತ್ತೇ ಇರಲಿಲ್ಲ! ಮಗಳು ಶಾಲೆಯಲ್ಲಿ ತಿಂದಿರಬಹುದು.

ಬಯಲುಸೀಮೆ_ಹುಡುಗ
ಏನು ತಿನ್ನಬೇಕು ಅನ್ನುವುದಕ್ಕಿಂತ ಮೊದಲು ಏನು ಆಚರಿಸುತ್ತಿದ್ದೀರಿ ಅಂತ ಯೋಚನೆ ಮಾಡಿ. ಮೂಲನಿವಾಸಿಗಳ ನೆಲ ಕಿತ್ತುಕೊಂಡವರು ಅದೇ ನೆಲದ ಮೇಲೆ ಕೂತು ಕೃತಜ್ಞತೆ ಹೇಳುವ ದಿನ ಇದು. ನಾನು ಇದನ್ನು ಆಚರಿಸುವುದಿಲ್ಲ.

ನಾಗು_ನ್ಯೂಜೆರ್ಸಿ
ಗುರೂ, ಅವರು ಕೇಳಿದ್ದು ಪಕ್ಕದ ಮನೆ ಊಟದ ಬಗ್ಗೆ. ಪ್ರೀತಿಯಿಂದ ಕರೆದ ಅಜ್ಜ-ಅಜ್ಜಿಗೆ ಇದನ್ನು ಹೇಳಿ ಬರಬೇಕಾ?

ಬಯಲುಸೀಮೆ_ಹುಡುಗ
ಹೇಳಿ ಬರಬೇಕು ಅನ್ನಲಿಲ್ಲ. ತಿಳಿದುಕೊಂಡು ಹೋಗಿ ಅಂದೆ. ಶಾಲೆಯಲ್ಲಿ ಮಕ್ಕಳ ತಲೆಗೆ ಕಾಗದದ ಗರಿ ಕಟ್ಟಿ ನಾಟಕ ಮಾಡಿಸುತ್ತಾರೆ. ನಮ್ಮ ಮಕ್ಕಳೂ ಅದರಲ್ಲಿ ಇರುತ್ತಾರೆ. ಆಗ ನಾವು ಮನೆಯಲ್ಲಿ ಏನು ಹೇಳಬೇಕು?

ಬೋಸ್ಟನ್_ಭಟ್ಟ
ಈ ಹಬ್ಬದ ಕಥೆ ಶುರುವಾದ ಪ್ಲಿಮತ್ ಊರು ನಮ್ಮ ಮನೆಯಿಂದ ದೂರ ಇಲ್ಲ. ಊರಿನಿಂದ ಬಂದವರನ್ನೆಲ್ಲ ಕರೆದುಕೊಂಡು ಹೋಗುತ್ತೇನೆ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

1620ರಲ್ಲಿ ಇಂಗ್ಲೆಂಡಿನಿಂದ ಮೇಫ್ಲವರ್ ಹಡಗಿನಲ್ಲಿ 102 ಪ್ರಯಾಣಿಕರು ಬಂದರು. ಮೊದಲ ಚಳಿಗಾಲದಲ್ಲೇ ಅರ್ಧದಷ್ಟು ಜನ ಸತ್ತರು. ಉಳಿದವರಿಗೆ ಮೆಕ್ಕೆಜೋಳ ಬೆಳೆಯುವುದನ್ನು ಹೇಳಿಕೊಟ್ಟವನು ಟಿಸ್ಕ್ವಾಂಟಮ್ ಎಂಬ ಮೂಲನಿವಾಸಿ. ಅವನ ಕಥೆ ಕೇಳಿದರೆ ಹೊಟ್ಟೆ ಉರಿಯುತ್ತೆ. 1614ರಲ್ಲಿ ಒಬ್ಬ ಇಂಗ್ಲಿಷ್ ಹಡಗಿನವನು ಅವನನ್ನು ಹಿಡಿದು ಸ್ಪೇನ್‌ಗೆ ಮಾರಾಟಕ್ಕೆ ಒಯ್ದಿದ್ದ. ಅಲ್ಲಿಂದ ತಪ್ಪಿಸಿಕೊಂಡು, ಇಂಗ್ಲೆಂಡ್ ಸೇರಿ, 1619ರಲ್ಲಿ ಊರಿಗೆ ಬಂದ. ಬಂದು ನೋಡಿದರೆ ಇಡೀ ಪಟುಕ್ಸೆಟ್ ಊರು ರೋಗಕ್ಕೆ ಬಲಿಯಾಗಿ ಖಾಲಿ. ಆ ಖಾಲಿ ಊರಿನ ಮೇಲೆಯೇ ಪ್ಲಿಮತ್ ಎದ್ದಿದ್ದು.

1621ರ ಸುಗ್ಗಿಯ ನಂತರ ಒಂದು ಊಟ ನಡೆದದ್ದು ನಿಜ. ಅಲ್ಲಿದ್ದ ಎಡ್ವರ್ಡ್ ವಿನ್ಸ್ಲೋ ಎಂಬುವನ ಪತ್ರ ಸಿಕ್ಕಿದೆ. ಅಲ್ಲಿನ ಮೂಲನಿವಾಸಿಗಳಾದ ವಾಂಪನೋಗ್ ಜನರ ನಾಯಕ ಮ್ಯಾಸಸಾಯಿಟ್ ಸುಮಾರು 90 ಜನರೊಂದಿಗೆ ಬಂದ, ಅವರು ಐದು ಜಿಂಕೆ ಬೇಟೆಯಾಡಿ ತಂದರು, ಮೂರು ದಿನ ಊಟ ನಡೆಯಿತು ಅಂತ ಅದರಲ್ಲಿದೆ. ಹಕ್ಕಿಗಳನ್ನು ಹೊಡೆದು ತಂದರು ಅಂತಲೂ ಇದೆ, ಆದರೆ ಟರ್ಕಿ ಅಂತ ಹೆಸರಿಸಿಲ್ಲ.

ಮುಂದೇನಾಯಿತು ಅನ್ನುವುದನ್ನು ಶಾಲೆಯ ನಾಟಕ ತೋರಿಸುವುದಿಲ್ಲ. ಮ್ಯಾಸಸಾಯಿಟ್‌ನ ಮಗ ಮೆಟಾಕಾಮ್ 1675ರಲ್ಲಿ ಇಂಗ್ಲಿಷರ ವಿರುದ್ಧ ಯುದ್ಧಕ್ಕೆ ಇಳಿಯಬೇಕಾಯಿತು. ಮರುವರ್ಷ ಅವನನ್ನು ಕೊಂದು, ತಲೆಯನ್ನು ಅದೇ ಪ್ಲಿಮತ್‌ನಲ್ಲಿ ಕಂಬಕ್ಕೆ ಸಿಕ್ಕಿಸಿ ವರ್ಷಗಟ್ಟಲೆ ಇಟ್ಟರು. ಒಟ್ಟಿಗೆ ಊಟ ಮಾಡಿದವರ ಮುಂದಿನ ತಲೆಮಾರಿನಲ್ಲೇ!

1970ರಿಂದ ಪ್ರತಿ ಥ್ಯಾಂಕ್ಸ್‌ಗಿವಿಂಗ್ ದಿನ ಪ್ಲಿಮತ್‌ನ ಕೋಲ್ಸ್ ಹಿಲ್ ಮೇಲೆ ಮೂಲನಿವಾಸಿಗಳು ಸೇರಿ ಶೋಕದ ದಿನ ಆಚರಿಸುತ್ತಾರೆ. ಅದನ್ನು ಶುರು ಮಾಡಿದ್ದು ವಾಂಪನೋಗ್ ಜನಾಂಗದ ವಾಂಸುಟ್ಟಾ ಫ್ರ್ಯಾಂಕ್ ಜೇಮ್ಸ್. ವಲಸಿಗರು ಬಂದು 350 ವರ್ಷ ಆದ ಸಮಾರಂಭಕ್ಕೆ ಭಾಷಣ ಮಾಡಲು ಅವರನ್ನು ಕರೆದರು. ಬರೆದ ಭಾಷಣ ನೋಡಿ ಬೇಡ ಅಂದರು. ಜೇಮ್ಸ್ ಹೊರಗೆ ಬಂದು ಆ ಬೆಟ್ಟದ ಮೇಲೆ ನಿಂತರು. ವಾಂಪನೋಗ್ ಜನ ಇವತ್ತಿಗೂ ಕೇಪ್ ಕಾಡ್‌ನ ಮ್ಯಾಶ್ಪೀಯಲ್ಲಿ, ಮಾರ್ಥಾಸ್ ವಿನ್ಯಾರ್ಡ್ ದ್ವೀಪದಲ್ಲಿ ಇದ್ದಾರೆ. ಮಕ್ಕಳಿಗೆ ಅದನ್ನು ಮೊದಲು ಹೇಳಿ. ಅವರೆಲ್ಲ ಹಿಂದೆ ಇದ್ದರಂತೆ ಅನ್ನುವ ಹಾಗೆ ಹೇಳಬೇಡಿ.

ಬಯಲುಸೀಮೆ_ಹುಡುಗ
ಧನ್ಯವಾದ ಭಟ್ಟರೇ. ನಾನು ಹೇಳಬೇಕಿದ್ದದ್ದು ಇದನ್ನೇ.

ಟೆಕ್ಸಾಸ್_ರವಿ
ಆದರೂ ಈಗಿನ ಹಬ್ಬ ಆ 1621ರ ಊಟದ ಮುಂದುವರಿಕೆ ಅಲ್ಲ ಅಲ್ವಾ? ಅಬ್ರಹಾಂ ಲಿಂಕನ್ ಶುರು ಮಾಡಿದ್ದು ಅಂತ ಓದಿದ್ದೆ.

ಬೋಸ್ಟನ್_ಭಟ್ಟ
ಪ್ರತಿ ವರ್ಷ ತಪ್ಪದೆ ನಡೆಯುವ ಹಾಗೆ ಮಾಡಿದ್ದು ಲಿಂಕನ್, 1863ರಲ್ಲಿ, ಅಂತರ್ಯುದ್ಧದ ನಡುವೆ. ಅದಕ್ಕೂ ಮುಂಚೆ 1789ರಲ್ಲಿ ಜಾರ್ಜ್ ವಾಷಿಂಗ್ಟನ್ ಒಂದು ಸಲ ಘೋಷಿಸಿದ್ದರು. ಆದರೆ ಲಿಂಕನ್ ಹಿಂದೆ ಬಿದ್ದು ಮಾಡಿಸಿದ್ದು ಸಾರಾ ಜೋಸೆಫಾ ಹೇಲ್ ಎಂಬ ಹೆಂಗಸು. ಮಹಿಳೆಯರ ಪತ್ರಿಕೆಯೊಂದರ ಸಂಪಾದಕಿ. ಇಡೀ ದೇಶಕ್ಕೆ ಒಂದೇ ದಿನ ಈ ಹಬ್ಬ ಆಗಬೇಕು ಅಂತ ರಾಜ್ಯಪಾಲರಿಗೆ, ಅಧ್ಯಕ್ಷರಿಗೆ ವರ್ಷಾನುಗಟ್ಟಲೆ ಪತ್ರ ಬರೆದರು. ಅವರ ಹೆಸರು ಯಾರೂ ಹೇಳುವುದೇ ಇಲ್ಲ.

ಶಾಂತಾ_ಶಿಕಾಗೊ
ಅಧ್ಯಕ್ಷ ರೂಸ್‌ವೆಲ್ಟ್ ದಿನ ಬದಲಾಯಿಸಿದ್ದನ್ನೂ ಸೇರಿಸಿ. 1939ರಲ್ಲಿ ಕೊನೆಯ ಗುರುವಾರ ನವೆಂಬರ್ 30ಕ್ಕೆ ಬಿತ್ತು. ಕ್ರಿಸ್‌ಮಸ್ ವ್ಯಾಪಾರಕ್ಕೆ ದಿನ ಸಾಲಲ್ಲ ಅಂತ ಅಂಗಡಿಯವರು ಗೋಳಾಡಿದರು. ರೂಸ್‌ವೆಲ್ಟ್ ಹಬ್ಬವನ್ನು ಒಂದು ವಾರ ಮುಂಚೆಯೇ ಇಟ್ಟರು. ಅರ್ಧದಷ್ಟು ರಾಜ್ಯಗಳು ಮಾತ್ರ ಒಪ್ಪಿದವು, ಉಳಿದವು ಹಳೇ ದಿನವೇ ಮಾಡಿದವು. ಕೊನೆಗೆ 1941ರಲ್ಲಿ ನಾಲ್ಕನೇ ಗುರುವಾರ ಅಂತ ಕಾನೂನು ಬಂತು. ಹಬ್ಬದ ದಿನವನ್ನು ವ್ಯಾಪಾರ ನಿರ್ಧರಿಸುವುದು ಈಗಿನದ್ದಲ್ಲ ಅಂತ ಹೇಳಿದೆ.

ತಮ್ಮ_ಟೊರೊಂಟೊ
ನಮ್ಮದು ಅಕ್ಟೋಬರ್ ಎರಡನೇ ಸೋಮವಾರವೇ ಮುಗಿಯಿತು. ನಿಮ್ಮದು ಇನ್ನೂ ಇತಿಹಾಸದಲ್ಲೇ ಇದೆ 😊

ಮಲೆನಾಡ_ಮಗಳು
ಸುಗ್ಗಿಯ ಊಟ ಅಂದಾಗ ನನಗೆ ನಮ್ಮ ಭೂಮಿ ಹುಣ್ಣಿಮೆ ನೆನಪಾಗುತ್ತೆ. ಸಾಗರ, ತೀರ್ಥಹಳ್ಳಿ ಕಡೆ ಪೈರು ಹೊಡೆ ತುಂಬಿದಾಗ ಭೂಮಿ ತಾಯಿಗೆ ಬಯಕೆ ಅಂತ ಅಡುಗೆ ಮಾಡಿ, ಚಿತ್ತಾರ ಬರೆದ ಬುಟ್ಟಿಯಲ್ಲಿ ಗದ್ದೆಗೆ ಒಯ್ದು ಬಡಿಸುತ್ತೇವೆ. ಬೆಳೆ ಕೊಟ್ಟ ನೆಲಕ್ಕೆ ಮೊದಲ ತುತ್ತು. ನನಗೆ ಈ ಹಬ್ಬದಲ್ಲಿ ಅದೇ ಇಷ್ಟ. ಆ ನೆಲ ಯಾರದ್ದಾಗಿತ್ತು ಅನ್ನುವುದನ್ನು ಮರೆಯಬಾರದು ಅಷ್ಟೇ. ಬಯಲುಸೀಮೆಯವರ ಮಾತನ್ನು ಒಪ್ಪುತ್ತೇನೆ, ಆದರೆ ಊಟಕ್ಕೆ ಹೋಗಬೇಡಿ ಅನ್ನುವುದನ್ನು ಒಪ್ಪಲ್ಲ.

ಇನ್ನೊಂದು ವಿಷಯ. ಮೆಕ್ಕೆಜೋಳ, ಸಿಹಿಗುಂಬಳ, ಬೀನ್ಸ್ ಮೂರನ್ನೂ ಇಲ್ಲಿನ ಮೂಲನಿವಾಸಿಗಳು ಒಟ್ಟಿಗೇ ಬೆಳೆಯುತ್ತಿದ್ದರು. ಜೋಳದ ದಂಟಿಗೆ ಬೀನ್ಸ್ ಬಳ್ಳಿ ಹಬ್ಬುತ್ತೆ, ಬೀನ್ಸ್ ಮಣ್ಣಿಗೆ ಸಾರಜನಕ ಕೊಡುತ್ತೆ, ಕುಂಬಳದ ಎಲೆ ನೆಲ ಮುಚ್ಚಿ ಕಳೆ ತಡೆಯುತ್ತೆ. ಮೆಣಸಿನಕಾಯಿ, ಟೊಮೇಟೊ, ಆಲೂಗಡ್ಡೆ, ಕಡಲೆಕಾಯಿ, ಗೆಣಸು ಇವೆಲ್ಲ ಅಮೆರಿಕ ಖಂಡಗಳ ಮೂಲನಿವಾಸಿಗಳು ಬೆಳೆಸಿದ ಬೆಳೆಗಳೇ. ಪೋರ್ಚುಗೀಸರ ಕಾಲದಲ್ಲಿ ನಮ್ಮ ಕಡೆ ಬಂದವು. ಬ್ಯಾಡಗಿ ಮೆಣಸಿನಕಾಯಿಯ ಮೂಲವೂ ಈ ಕಡೆಯದ್ದೇ. ನಾವು ಕೃತಜ್ಞತೆ ಹೇಳಬೇಕಾದದ್ದು ಅವರಿಗೆ.

ಬಯಲುಸೀಮೆ_ಹುಡುಗ
ಈ ಮಾತು ನನಗೆ ತುಂಬ ಹಿಡಿಸಿತು. ಇದನ್ನು ಆ ಊಟದ ಮೇಜಿನಲ್ಲಿ ಹೇಳಿದರೆ ಹೋದದ್ದು ಸಾರ್ಥಕ.

ಶಾಂತಾ_ಶಿಕಾಗೊ
ಹೇಳಲು ಅವಕಾಶವೂ ಸಿಗುತ್ತೆ. ಬಹಳ ಮನೆಗಳಲ್ಲಿ ಊಟಕ್ಕೆ ಮೊದಲು ಒಬ್ಬೊಬ್ಬರೂ ಈ ವರ್ಷ ಯಾವುದಕ್ಕೆ ಕೃತಜ್ಞರು ಅಂತ ಎರಡು ಮಾತು ಹೇಳುತ್ತಾರೆ. ಕೆಲವರು ಕೈ ಕೈ ಹಿಡಿದು ಸಣ್ಣ ಪ್ರಾರ್ಥನೆ ಮಾಡುತ್ತಾರೆ. ತಲೆ ತಗ್ಗಿಸಿ ಸುಮ್ಮನೆ ನಿಂತರೆ ಸಾಕು. ಚರ್ಚಿಗೆ ಹೋಗುವವರೂ ಇದ್ದಾರೆ, ಆದರೆ ಇದು ಎಲ್ಲ ಧರ್ಮದವರೂ ಮಾಡುವ ಹಬ್ಬ. ನಿಮ್ಮ ಅತ್ತೆ ಕನ್ನಡದಲ್ಲೇ ಮಾತಾಡಲಿ, ನೀವು ಇಂಗ್ಲಿಷಿನಲ್ಲಿ ಹೇಳಿ. ನಮ್ಮ ಅಮ್ಮ ಹಾಗೆ ಮಾಡಿದಾಗ ಆ ಮನೆಯವರು ಕಣ್ಣೊರೆಸಿಕೊಂಡರು.

ಹೊಸಬ_ಸಿಯಾಟಲ್
ಮಧ್ಯದಲ್ಲಿ ಒಂದು ಪ್ರಶ್ನೆ. ಶುಕ್ರವಾರವೂ ರಜೆಯಾ? ನಮ್ಮ ಆಫೀಸಿನಲ್ಲಿ ಯಾರೂ ಸರಿಯಾಗಿ ಹೇಳುತ್ತಿಲ್ಲ.

ಟೆಕ್ಸಾಸ್_ರವಿ
ಗುರುವಾರ ಫೆಡರಲ್, ಅಂದರೆ ಕೇಂದ್ರ ಸರ್ಕಾರದ ರಜೆ. ವರ್ಷಕ್ಕೆ ಅಂಥವು 11, ಕೊನೆಗೆ ಸೇರಿದ್ದು 2021ರಲ್ಲಿ, ಗುಲಾಮಗಿರಿ ಕೊನೆಯಾದ ನೆನಪಿನ ಜೂನ್‌ಟೀನ್ತ್. ಶುಕ್ರವಾರ ಆ ಪಟ್ಟಿಯಲ್ಲಿ ಇಲ್ಲ, ಆದರೆ ಬಹಳ ಕಂಪನಿ, ಶಾಲೆ ಕೊಡುತ್ತವೆ. ಒಂದು ತಿಳಿದುಕೊಳ್ಳಿ, ಹಬ್ಬದ ದಿನ ಸಂಬಳ ಸಹಿತ ರಜೆ ಕೊಡಲೇಬೇಕು ಅಂತ ಖಾಸಗಿ ಕಂಪನಿಗಳಿಗೆ ಫೆಡರಲ್ ಕಾನೂನು ಹೇಳುವುದಿಲ್ಲ. ನಿಮ್ಮ ಕಂಪನಿಯ ರಜಾಪಟ್ಟಿ ನೋಡಿ.

ನಾಗು_ನ್ಯೂಜೆರ್ಸಿ
ಇದು ಅನ್ಯಾಯ. ಅಂಗಡಿಯಲ್ಲಿ, ಗೋದಾಮಿನಲ್ಲಿ ದುಡಿಯುವವರಿಗೆ ಮನೆಯಲ್ಲಿ ಕೂತು ಉಣ್ಣುವ ಭಾಗ್ಯವೇ ಇಲ್ಲ. ಕೆಲವರು ಗುರುವಾರ ರಾತ್ರಿಯೇ ಶುಕ್ರವಾರದ ದೊಡ್ಡ ರಿಯಾಯಿತಿ ಮಾರಾಟಕ್ಕೆ ಹೋಗಿ ನಿಲ್ಲಬೇಕು. ನಾನು ಗುರುವಾರ ಏನನ್ನೂ ಕೊಳ್ಳುವುದಿಲ್ಲ ಅಂತ ಗಟ್ಟಿ ಮಾಡಿಕೊಂಡಿದ್ದೇನೆ.

ಹೊಸಬ_ಸಿಯಾಟಲ್
ದೀಪಾವಳಿಗೂ ರಜೆ ಕೊಟ್ಟರೆ ಚೆನ್ನಾಗಿತ್ತು.

ಶಾಂತಾ_ಶಿಕಾಗೊ
ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳಿಗೆ ದೀಪಾವಳಿ ರಜೆ ಕೊಡುವ ಕಾನೂನು 2023ರಲ್ಲೇ ಬಂದಿದೆ. ಉಳಿದ ಕಡೆಯೂ ಕೇಳುತ್ತಾ ಇರಬೇಕು. ನಮ್ಮ ಕನ್ನಡ ಕೂಟಗಳು ಇಲ್ಲಿನ ರಜೆ ನೋಡಿಯೇ ಕಾರ್ಯಕ್ರಮ ಇಡುತ್ತವೆ. ಇಲ್ಲಿನ ಕನ್ನಡ ಕೂಟಗಳ ಒಕ್ಕೂಟವಾದ ‘ಅಕ್ಕ’ದ ಸಮ್ಮೇಳನವನ್ನು ಲೇಬರ್ ಡೇ (ಕಾರ್ಮಿಕರ ದಿನ) ವಾರಾಂತ್ಯಕ್ಕೆ ಇಟ್ಟುಕೊಂಡು ಬಂದದ್ದೂ ಅದಕ್ಕೇ, ಸೋಮವಾರ ರಜೆ ಸಿಗುತ್ತೆ ಅಂತ.

ದೀಪು_ಡೆಟ್ರಾಯಿಟ್
ಯಾರೂ ಅಮೆರಿಕನ್ ಫುಟ್‌ಬಾಲ್ ಬಗ್ಗೆ ಹೇಳಲೇ ಇಲ್ಲ! ನಮ್ಮ ಊರಿನ ಲಯನ್ಸ್ ತಂಡ 1934ರಿಂದ ಥ್ಯಾಂಕ್ಸ್‌ಗಿವಿಂಗ್ ದಿನ ಆಡುತ್ತಾ ಬಂದಿದೆ. ಊಟ ಆದ ಮೇಲೆ ಗಂಡಸರು ಹೆಂಗಸರು ಎಲ್ಲ ಟಿವಿ ಮುಂದೆ. ಮಾವನಿಗೆ ಆಟದ ನಿಯಮ ಮೊದಲೇ ಸ್ವಲ್ಪ ಹೇಳಿಕೊಡಿ. ನಾಲ್ಕು ಪ್ರಯತ್ನದಲ್ಲಿ ಹತ್ತು ಗಜ ಮುಂದೆ ಹೋಗಬೇಕು, ಅಷ್ಟು ಗೊತ್ತಿದ್ದರೆ ಆಟ ಹಿಡಿಯುತ್ತೆ.

ಟೆಕ್ಸಾಸ್_ರವಿ
ಡಲ್ಲಾಸ್ ಕೌಬಾಯ್ಸ್ ಕೂಡ ಆಡುತ್ತಾರೆ, 1966ರಿಂದ. ಅದನ್ನು ಬಿಡಬೇಡಿ.

ದೀಪು_ಡೆಟ್ರಾಯಿಟ್
ಮೊದಲು ನಾವು.

ನಾಗು_ನ್ಯೂಜೆರ್ಸಿ
ಬೆಳಗ್ಗೆ ಮಗಳಿಗೆ ನ್ಯೂಯಾರ್ಕಿನ ಮೇಸೀಸ್ ಮೆರವಣಿಗೆ ತೋರಿಸಿ, ಟಿವಿಯಲ್ಲಿ ಬರುತ್ತೆ. 1924ರಲ್ಲಿ ಶುರುವಾದದ್ದು. ದೊಡ್ಡ ಬಲೂನುಗಳು ಬರುವ ಮೊದಲು ಸೆಂಟ್ರಲ್ ಪಾರ್ಕ್ ಮೃಗಾಲಯದ ಪ್ರಾಣಿಗಳನ್ನೇ ಮೆರವಣಿಗೆಯಲ್ಲಿ ನಡೆಸುತ್ತಿದ್ದರಂತೆ.

ಕುಡ್ಲದ_ಕಿಟ್ಟಿ
ನಾವು ಮಾಂಸ ತಿನ್ನುವವರು, ನಮಗೂ ಒಂದು ಮಾತು ಇರಲಿ. ಈ ಸಲ ಮನೆಯಲ್ಲೇ 15 ಪೌಂಡಿನ ಟರ್ಕಿ ಮಾಡಬೇಕು ಅಂತಿದ್ದೇವೆ. ಹಿಂದಿನ ರಾತ್ರಿ ಫ್ರೀಜರ್‌ನಿಂದ ತೆಗೆದರೆ ಸಾಕಲ್ವಾ?

ಅಡುಗೆಮನೆ_ಅಕ್ಕ
ಸಾಲಲ್ಲ ಕಿಟ್ಟಿ! ಫ್ರಿಜ್ಜಿನ ಒಳಗೆ ಪ್ರತಿ ನಾಲ್ಕೈದು ಪೌಂಡಿಗೆ ಒಂದು ಇಡೀ ದಿನ ಬೇಕು. 15 ಪೌಂಡಿಗೆ ಮೂರು ನಾಲ್ಕು ದಿನ. ಭಾನುವಾರವೇ ಕೆಳಗೆ ಇಳಿಸಿ. ಹೊರಗೆ ಕಟ್ಟೆ ಮೇಲೆ ಇಡಬೇಡಿ, ಕೆಡುತ್ತೆ. ನಾನು ತಿನ್ನಲ್ಲ, ಆದರೆ ನಮ್ಮೆಜಮಾನರ ಸ್ನೇಹಿತರಿಗೆ ಮಾಡಿಕೊಟ್ಟು ಗೊತ್ತು. ಬೆಂದಿದೆಯಾ ಅಂತ ಬಣ್ಣ ನೋಡಿ ಹೇಳಬೇಡಿ, ಥರ್ಮಾಮೀಟರ್ ಚುಚ್ಚಿ. ತೊಡೆಯ ದಪ್ಪ ಭಾಗದಲ್ಲಿ 165 ಡಿಗ್ರಿ ಫ್ಯಾರನ್‌ಹೀಟ್ ಬರಬೇಕು.

ಕುಡ್ಲದ_ಕಿಟ್ಟಿ
ತಮ್ಮ ಎಣ್ಣೆಯಲ್ಲಿ ಇಡೀ ಕರಿಯೋಣ ಅಂತಿದ್ದಾನೆ.

ಟೆಕ್ಸಾಸ್_ರವಿ
ಬೇಡ ಅನ್ನಿ. ಒಳಗೆ ಮಂಜುಗಡ್ಡೆ ಉಳಿದಿದ್ದರೆ ಕಾದ ಎಣ್ಣೆ ಉಕ್ಕಿ ಬೆಂಕಿ ಹತ್ತುತ್ತೆ. ಈ ದೇಶದಲ್ಲಿ ಅಡುಗೆಯಿಂದ ಮನೆಗೆ ಬೆಂಕಿ ಬೀಳುವುದು ಅತಿ ಹೆಚ್ಚು ಇದೇ ದಿನ. ಮಾಡಲೇಬೇಕು ಅಂದರೆ ಮನೆಯಿಂದ ದೂರ, ಬಯಲಲ್ಲಿ ಮಾಡಲಿ. ಗ್ಯಾರೇಜಿನಲ್ಲಿ, ಮರದ ಡೆಕ್ ಮೇಲೆ ಬೇಡವೇ ಬೇಡ.

ಕುಡ್ಲದ_ಕಿಟ್ಟಿ
ಸರಿ, ಓವನ್ನೇ. ಉಳಿದದ್ದನ್ನು ಶುಕ್ರವಾರ ತೆಂಗಿನತುರಿ ಹಾಕಿ ಸುಕ್ಕ ಮಾಡುತ್ತೇವೆ. ಟರ್ಕಿ ಮಾಂಸ ಒಣ ಒಣ, ನಮ್ಮ ಮಸಾಲೆ ಬಿದ್ದರೇ ರುಚಿ.

ಮೇಲ್ವಿಚಾರಕ
ಸೌಮ್ಯ ಅವರು ಸಸ್ಯಾಹಾರದ ಬಗ್ಗೆ ಕೇಳಿದ್ದಾರೆ. ಟರ್ಕಿ ಸುಕ್ಕಕ್ಕೆ ಬೇರೆ ಚರ್ಚೆ ಶುರು ಮಾಡಿ ದಯವಿಟ್ಟು.

ಸೌಮ್ಯ_ಕೊಲಂಬಸ್
ಪರವಾಗಿಲ್ಲ, ಎಲ್ಲ ಓದುತ್ತಾ ಇದ್ದೇನೆ. ಇವತ್ತು ಪಕ್ಕದ ಮನೆಗೆ ಹೋಗಿ ಹೇಳಿದೆ. ಅಜ್ಜಿ ಪೆನ್ನು ಕಾಗದ ತಂದು ಬರೆದುಕೊಂಡರು. ನಮಗೆ ಬೇರೆ ಪಾತ್ರೆಯಲ್ಲಿ ತರಕಾರಿ ಸಾರಿನ ಸ್ಟಫಿಂಗ್ ಮಾಡುತ್ತಾರಂತೆ. ಟರ್ಕಿಯನ್ನು ಅಡುಗೆಮನೆಯಲ್ಲೇ ಕತ್ತರಿಸಿ ಪಕ್ಕದ ಮೇಜಿನಲ್ಲಿ ಇಡುತ್ತೇನೆ ಅಂತಲೂ ಅವರೇ ಅಂದರು, ನಾನು ಕೇಳಲೇ ಇಲ್ಲ. ಅತ್ತೆ ಈಗ ಯಾವ ಸೀರೆ ಉಡಲಿ ಅಂತ ಕೇಳುತ್ತಿದ್ದಾರೆ. ನೀವೇನೂ ತರಬೇಡಿ ಅಂತ ಅಜ್ಜಿ ಅಂದರು, ಆದರೆ ಬರಿಗೈಲಿ ಹೋಗಲು ಮನಸ್ಸಿಲ್ಲ. ಏನು ಮಾಡಲಿ?

ಮಲೆನಾಡ_ಮಗಳು
ಸಿಹಿಗುಂಬಳದ ಕಡುಬು! ನಮ್ಮ ಕಡೆ ದೀಪಾವಳಿಗೆ ಮಾಡುತ್ತೇವೆ. ಅಕ್ಕಿ ರವೆ, ಬೆಲ್ಲ, ಏಲಕ್ಕಿ, ತೆಂಗಿನತುರಿ. ಅವರ ಪೈಗೆ ಹಾಕುವ ಕಾಯಿಯೇ. ಮೊಟ್ಟೆ ಇಲ್ಲ, ಗೋಧಿ ಇಲ್ಲ. ಡಬ್ಬಿಯದ್ದು ತರುವುದಾದರೆ ಬರೀ ಕುಂಬಳ ಅಂತ ಇರುವುದನ್ನೇ ನೋಡಿ ತನ್ನಿ. ಪೈ ಫಿಲ್ಲಿಂಗ್ ಅಂತ ಇರುವುದರಲ್ಲಿ ಸಕ್ಕರೆ, ಚಕ್ಕೆ ಎಲ್ಲ ಮೊದಲೇ ಹಾಕಿರುತ್ತಾರೆ.

ಹೊಸಬ_ಸಿಯಾಟಲ್
ಚಿತ್ರಾನ್ನ ಒಯ್ಯಿರಿ. ಎಲ್ಲರಿಗೂ ಇಷ್ಟ ಆಗುತ್ತೆ.

ಅಡುಗೆಮನೆ_ಅಕ್ಕ
ಚಿತ್ರಾನ್ನಕ್ಕೆ ಕಡಲೆಕಾಯಿ ಬೀಳುತ್ತೆ, ಮೊಮ್ಮಕ್ಕಳು ಬರುವ ಮನೆ. ಅಲರ್ಜಿ ಇದೆಯಾ ಅಂತ ಮೊದಲು ಕೇಳಬೇಕು. ಇದನ್ನು ಹಗುರವಾಗಿ ತಗೋಬೇಡಿ, ಇಲ್ಲಿ ಮಕ್ಕಳನ್ನು ಆಸ್ಪತ್ರೆಗೆ ಓಡಿಸುವ ವಿಷಯ ಅದು.

ನನ್ನ ಮತ ಕ್ರ್ಯಾನ್‌ಬೆರಿ ಗೊಜ್ಜಿಗೆ. ಒಂದು ಪೊಟ್ಟಣ ತಾಜಾ ಹಣ್ಣು ತನ್ನಿ, 12 ಔನ್ಸ್ ಇರುತ್ತೆ. ಎಣ್ಣೆಗೆ ಸಾಸಿವೆ, ಇಂಗು, ಕರಿಬೇವು, ಎರಡು ಬ್ಯಾಡಗಿ. ಹಣ್ಣು ಹಾಕಿ, ಚಟಪಟ ಒಡೆಯುವ ತನಕ ಬಾಡಿಸಿ. ಉಪ್ಪು, ಅರಿಶಿನ, ಬೆಲ್ಲ ಸ್ವಲ್ಪ ಮುಂದಾಗಿಯೇ ಇರಲಿ, ಹಣ್ಣು ತುಂಬ ಹುಳಿ. ಗಟ್ಟಿಯಾದ ಮೇಲೆ ಹುರಿದ ಮೆಂತ್ಯದ ಪುಡಿ ಒಂದು ಚಿಟಿಕೆ. ಹಿಂದಿನ ದಿನವೇ ಮಾಡಿಟ್ಟರೆ ಇನ್ನೂ ರುಚಿ. ಅವರು ಟರ್ಕಿ ಜೊತೆ ತಿನ್ನಲಿ, ನೀವು ಆಲೂಗಡ್ಡೆ ಜೊತೆ ತಿನ್ನಿ.

ನಾಗು_ನ್ಯೂಜೆರ್ಸಿ
ಬ್ಯಾಡಗಿ ಎರಡು ಜಾಸ್ತಿ ಆಗಲ್ವಾ ಅಕ್ಕ? ಓಹಾಯೋದ ಅಜ್ಜ-ಅಜ್ಜಿ.

ಅಡುಗೆಮನೆ_ಅಕ್ಕ
ಬ್ಯಾಡಗಿ ಬಣ್ಣಕ್ಕೆ ನಾಗು, ಅದರಲ್ಲಿ ಖಾರ ಎಲ್ಲಿದೆ? ಗುಂಟೂರು ಹಾಕಿ ಅಂದಿಲ್ಲ ನಾನು.

ಬಯಲುಸೀಮೆ_ಹುಡುಗ
ಎರಡೂ ಮಾಡಿ. ಎರಡರಲ್ಲೂ ಈ ನೆಲದ್ದೇ ಬೆಳೆ ಇದೆ. ಕ್ರ್ಯಾನ್‌ಬೆರಿ ಕೂಡ ಇಲ್ಲಿನದ್ದೇ, ವಾಂಪನೋಗ್ ಜನ ಮೊದಲಿನಿಂದ ತಿನ್ನುತ್ತಿದ್ದ ಹಣ್ಣು. ಮಕ್ಕಳು ಏನು ಇದು ಅಂತ ಕೇಳಿದರೆ ಆ ಕಥೆ ಹೇಳಿ.

ಸೌಮ್ಯ_ಕೊಲಂಬಸ್
ಎರಡೂ ಮಾಡುತ್ತೇನೆ. ಕಡುಬಿಗೆ ಅಕ್ಕಿ ರವೆ ಖಾಲಿಯಾಗಿದೆ. ಗುರುವಾರ ಬೆಳಗ್ಗೆ ಅಂಗಡಿ ತೆರೆದಿರುತ್ತಾ?

ಟೆಕ್ಸಾಸ್_ರವಿ
ಕಾಸ್ಟ್ಕೋ ಮುಚ್ಚಿರುತ್ತೆ. ಉಳಿದ ದೊಡ್ಡ ಅಂಗಡಿಗಳು ಬಹಳಷ್ಟು ಮುಚ್ಚಿರುತ್ತವೆ, ತೆರೆದರೂ ಅರ್ಧ ದಿನ. ಇಂಡಿಯನ್ ಸ್ಟೋರ್‌ಗೆ ಫೋನ್ ಮಾಡಿ ಕೇಳಿ.

ಶಾಂತಾ_ಶಿಕಾಗೊ
ಬುಧವಾರ ಸಂಜೆಯೂ ಬೇಡ. ರಸ್ತೆ, ಅಂಗಡಿ ಎರಡೂ ಕಿಕ್ಕಿರಿದಿರುತ್ತೆ. ಮಂಗಳವಾರವೇ ಮುಗಿಸಿಕೊಳ್ಳಿ. ಊಟ ಉಳಿದರೆ ಅವರು ಕಟ್ಟಿ ಕೊಡುತ್ತಾರೆ, ಬೇಡ ಅನ್ನಬೇಡಿ. ನಿಮ್ಮ ಕಡುಬನ್ನೂ ಒಂದು ಡಬ್ಬಿಯಲ್ಲಿ ಅಲ್ಲೇ ಬಿಟ್ಟು ಬನ್ನಿ.

ಸೌಮ್ಯ_ಕೊಲಂಬಸ್
ಸರಿ ಅಕ್ಕ. ನಾಳೆಯೇ ಹೋಗುತ್ತೇವೆ. ಅಕ್ಕಿ ರವೆ ದಪ್ಪದ್ದಾ, ಸಣ್ಣದ್ದಾ?

ಮಲೆನಾಡ_ಮಗಳು
ಸಣ್ಣದು. ಇಡ್ಲಿ ರವೆ ಸಿಕ್ಕರೂ ಆಗುತ್ತೆ, ಒಂದು ಸುತ್ತು ಮಿಕ್ಸಿಗೆ ಹಾಕಿಕೊಳ್ಳಿ.